ನಾನೂರ ಎಪ್ಪತ್ತೊಂದು

ನನ್ನ ಹೆಸರು ಹಂಸ.
ಹಕ್ಕಿಯಲ್ಲ. ಉಪ್ಪ ಇಟ್ಟದ್ದು ಹಂಝ ಎಂದು;
ಹಾಜರಿ ಪುಸ್ತಕದಲ್ಲಿ ಮೇಷ್ಟರು
ಅದಕ್ಕೆ ರೆಕ್ಕೆ ಹಚ್ಚಿದರು.
ವಿರಾಜಪೇಟೆಯ ಗಡಿಯಾರ ಕಂಬದಿಂದ ಇಳಿದು ಬಂದರೆ
ಮೂಗೇ ದಾರಿ ತೋರಿಸುವ ಬೇಕರಿ ನನ್ನದು.

ದೇಚಮ್ಮ ಬಂದದ್ದು ಕೈಲ್ ಮುಹೂರ್ತದ ಮಾರನೆಯ ದಿನ.
ಊರ ತುಂಬ ಇನ್ನೂ ಕಾಚಂಪುಳಿಯ ಕಪ್ಪು ವಾಸನೆ.
ಎರಡು ವರ್ಷ ಹಂದಿ ಸಾಕಣೆಯ ಲೆಕ್ಕ ಬರೆದವಳು:
ಹುಟ್ಟಿದ್ದು ಇಷ್ಟು, ಹೋದದ್ದು ಇಷ್ಟು, ತೂಕ ಇಷ್ಟು.
ಒಂದು ಮಧ್ಯಾಹ್ನ ಮೊತ್ತದ ಜಾಗ ಖಾಲಿ ಬಿಟ್ಟು
ಪೆನ್ನಿನ ಮುಚ್ಚಳ ಹಾಕಿ ಎದ್ದು ಬಂದಳಂತೆ.
ಈಗ ಹಾಲಿಲ್ಲ, ತುಪ್ಪವಿಲ್ಲ, ಜೇನೂ ಇಲ್ಲ.
ಕೊಡಗಿನಲ್ಲಿ ಹುಟ್ಟಿ ಜೇನು ಬಿಟ್ಟವಳು!
ಅವಳಣ್ಣ ಬ್ರೆಡ್ಡಿಗೆ ಬಂದಾಗಲೆಲ್ಲ
ತಂಗಿಗೆ ಜ್ವರವೆಂಬಂತೆ ಹೇಳುತ್ತಾನೆ:
"ಇನ್ನೂ ಇಳಿದಿಲ್ಲ."

"ಹಂಸಣ್ಣ, ಈ ಬನ್ನಿನಲ್ಲಿ ಏನೇನಿದೆ?"
ಮೈದಾ, ಸಕ್ಕರೆ, ಯೀಸ್ಟು, ಉಪ್ಪು, ಎಣ್ಣೆ.
"ಮತ್ತೆ?"
ಮತ್ತೆ ಅಂದರೆ, ಮೆದು ಮಾಡುವ ಪುಡಿ.
ಒಂದು ಚಮಚ. ಬಿಳಿ. ವಾಸನೆಯಿಲ್ಲ.
ಅದಿದ್ದರೆ ಬನ್ನು ಮೂರು ದಿನ ಮಗುವಿನ ಕೆನ್ನೆ;
ಇಲ್ಲದಿದ್ದರೆ ಮಾರನೆಯ ದಿನವೇ ಮೊಣಕಾಲು.
"ಅದರ ಹೆಸರು?"
ಹೆಸರಿಲ್ಲ ಮಗಳೇ, ನಂಬರು.
ನಾನೂರ ಎಪ್ಪತ್ತೊಂದು.

ಅವಳು ಓದಿಕೊಂಡೇ ಬಂದಿದ್ದಳು.
ಕೊಬ್ಬನ್ನು ಮುರಿದು ಮಾಡುವ ಪುಡಿಯಂತೆ.
ತಾಳೆಯದ್ದಾಗಬಹುದು, ಸೋಯಾದ್ದಾಗಬಹುದು,
ದನದ್ದೂ ಆಗಬಹುದು, ಹಂದಿಯದ್ದೂ.
ಪುಡಿಯಾದ ಮೇಲೆ ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಅಂಕಿ.
"ಹಾಲು ನೀರು ಬೇರೆ ಮಾಡುವುದು ಹಂಸವಂತೆ,
ಹೆಸರಿಗಾದರೂ ಬೇರೆ ಮಾಡಿ ಹೇಳಿ" ಎಂದು ನಕ್ಕಳು.

ನಾನು ನಗಲಿಲ್ಲ.
ಅವಳು ಹೇಳಿದ ನಾಲ್ಕರಲ್ಲಿ ಕೊನೆಯದು
ನನ್ನ ಚಮಚದ ಮೇಲೆ ಬಂದು ಕೂತಿತ್ತು.
ಹದಿನೆಂಟು ವರ್ಷ. ದಿನಕ್ಕೆ ಮುನ್ನೂರು ಬನ್ನು.
ನೋಂಬಿನ ಸಂಜೆಗಳಲ್ಲಿ ಮಸೀದಿಗೆ ಕಳಿಸಿದ್ದು,
ಸುಹರಾ ಚಹಾದಲ್ಲಿ ಅದ್ದಿ ಮಗುವಿಗೆ ತಿನ್ನಿಸಿದ್ದು.
ಇವಳು ಪ್ರಾಣಿಗೋಸ್ಕರ ಕೇಳುತ್ತಿದ್ದಾಳೆ.
ನಾನು ದೇವರಿಗೋಸ್ಕರವೂ ಕೇಳಿರಲಿಲ್ಲ.

ಒಳಗಿನಿಂದ ಪೊಟ್ಟಣ ತಂದೆ.
ಮೈಸೂರಿನಲ್ಲಿ ಮೂಟೆ ಒಡೆದು ಕಟ್ಟಿದ್ದು,
ಮೇಲೆ ಮಾರ್ಕರಿನಲ್ಲಿ ಗೀಚಿದ ಅಂಕಿ, ಅಷ್ಟೇ.
ಹಸಿರು ಚುಕ್ಕೆ? ಮೂಟೆಯ ಮೇಲಿತ್ತೋ ಏನೋ.
ಇದ್ದರೂ ಅವಳಿಗೆ ಪೂರಾ ಸಾಲದು:
ಆ ಚುಕ್ಕೆ ಹಾಲನ್ನು ಒಳಗೆ ಬಿಡುತ್ತದೆ.
ನನಗಾದರೆ ಬಾಗಿಲಾಗುತ್ತಿತ್ತು,
ಅವಳಿಗೆ ಬರೀ ಹೊಸ್ತಿಲು.

ಗಲ್ಲಾದ ಮೇಲೆ ಫೋನಿಟ್ಟು ಇಬ್ಬರೂ ಬಾಗಿದೆವು.
ಮೈಸೂರಿನವನು ಆಕಳಿಸುತ್ತ ಹೇಳಿದ:
"ವೆಜ್ಜೇ ಇರಬೇಕು ಸಾರ್."
ಇರಬೇಕು.
ಎಷ್ಟು ಜಾಗ ಈ ಮಾತಿನೊಳಗೆ!
ಒಂದು ಹಂದಿ ಕಾಲು ಚಾಚಿ ಮಲಗುವಷ್ಟು.

ಚಹಾ ಕೊಡಹೋದೆ, ಹಾಲು ನೆನಪಾಯಿತು.
ಕಟ್ಟನ್ ಚಾಯ ಕೊಟ್ಟೆ. ನಾನೂ ಅದನ್ನೇ ಕುಡಿದೆ.
ಗ್ಲಾಸಿನ ತಳ ಕಾಣುತ್ತಿತ್ತು.

ರಾತ್ರಿ ಉಪ್ಪನ ರೀತಿಯಲ್ಲಿ ನಾದಿದೆ:
ಗಂಜಿ ಕಾಸಿ ಆರಿಸಿ, ಹಿಟ್ಟಿಗೆ ಬೆರೆಸಿ,
ಒದ್ದೆ ಬಟ್ಟೆ ಹೊದಿಸಿ ಬೆಳಗಿನವರೆಗೆ ಕಾದು.
ಬನ್ನು ಗುಂಡಗೆ ಬರಲಿಲ್ಲ. ಒಂದು ಕಡೆ ವಾಲಿತು.
ಅವಳು ನಾಲ್ಕು ಒಯ್ದಳು. ಸಂಜೆಗೆ ಅವಳಣ್ಣ ಬಂದ:
"ಗಟ್ಟಿಯಲ್ಲವಾ ಹಂಸಣ್ಣ?"
ಹೌದು, ನಾಳೆ ಇನ್ನೂ ಗಟ್ಟಿ, ಇವತ್ತೇ ತಿಂದುಬಿಡು.
ಗೊಣಗುತ್ತಲೇ ಆರು ಕಟ್ಟಿಸಿಕೊಂಡ.

ಪೊಟ್ಟಣ ಇನ್ನೂ ಮೇಲಿನ ಹಲಗೆಯಲ್ಲಿದೆ.
ಬಿಚ್ಚುವುದಿಲ್ಲ. ಎಸೆಯಲೂ ಕೈ ಬರುತ್ತಿಲ್ಲ,
ದುಡ್ಡು ಕೊಟ್ಟು ತಂದದ್ದು,
ತಾಳೆಯದ್ದೇ ಆಗಿದ್ದರೆ?
ಇರುವೆ ಕೂಡ ಮುತ್ತಿಲ್ಲ.
ಅವಕ್ಕೇನು ಗೊತ್ತೋ.